ಕಡಲತಳದ ಪುಟ್ಟ ಮೀನು: ‘ಗೋಬಿ’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ:
ಮಾನ್ಯರೇ, ಮತ್ಸ್ಯಾಲಯವೊಂದರ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಮುದ್ರಣಕ್ಕೆ ಕೊಡಬೇಕು. ಮೂಲದಲ್ಲಿ ಗೋಬಿ, ಬ್ಲೆನ್ನಿ ಎಂಬ ಎರಡು ಮೀನುಗಳಿದ್ದು, ಹಳೆಯ ಕರಡಿನಲ್ಲಿ ಎರಡಕ್ಕೂ ‘ತಳಮೀನು’ ಎಂದೇ ಬರೆದಿದೆ. ಒಂದು ಚಿತ್ರದ ಕೆಳಗಂತೂ ಹೆಸರೇ ಇಲ್ಲ. ಬೆರಳುದ್ದದ, ಮರಳಿನ ಬಣ್ಣದ ಮೀನು. ಕಣ್ಣುಗಳು ನೆತ್ತಿಯ ಮೇಲೆ ಒತ್ತೊತ್ತಾಗಿವೆ, ಬೆನ್ನಿನ ಈಜುರೆಕ್ಕೆ ಎರಡು ತುಂಡಾಗಿದೆ. ಇದು ಯಾವ ಮೀನು, ಏನೆಂದು ಬರೆಯಲಿ?

ಉತ್ತರ:
‘ತಳಮೀನು’ ಸಲ್ಲದು. ಚಪ್ಪಟೆ ಮೀನೂ ತೊರಕೆಯೂ ತಳದಲ್ಲೇ ಇರುತ್ತವೆ.

ಹೆಸರಿಗಿಂತ ಮೊದಲು ಗುರುತು ಗಟ್ಟಿಯಾಗಬೇಕು. ಹೊಟ್ಟೆಯ ಭಾಗ ಕಾಣುವ ಚಿತ್ರವಿದ್ದರೆ ನೋಡಿ. ಗೋಬಿಗಳಲ್ಲಿ ಶ್ರೋಣಿಯ, ಎಂದರೆ ಹೊಟ್ಟೆಯಡಿಯ, ಎರಡು ಈಜುರೆಕ್ಕೆಗಳು ಸಾಮಾನ್ಯವಾಗಿ ಒಂದಕ್ಕೊಂದು ಕೂಡಿಕೊಂಡು ಬಟ್ಟಲಿನಂತಾಗಿರುತ್ತವೆ. ನೀರಿನ ಸೆಳೆತದಲ್ಲಿ ಕಲ್ಲನ್ನು ಕಚ್ಚಿಕೊಂಡಿರಲು ಅದೇ ಆಧಾರ. ಬ್ಲೆನ್ನಿಯಲ್ಲಾದರೋ ಅವು ಭುಜದ ಈಜುರೆಕ್ಕೆಗಳಿಗಿಂತ ಮುಂದಕ್ಕೆ, ಗಂಟಲ ಬಳಿ, ಸಣ್ಣ ಎಳೆಗಳಂತೆ ಬೇರೆಬೇರೆಯಾಗಿ ನಿಲ್ಲುತ್ತವೆ, ಬೆನ್ನಿನ ರೆಕ್ಕೆ ತಲೆಯ ಹಿಂದಿನಿಂದ ಬಾಲದ ಬುಡದ ತನಕ ಬಹುಮಟ್ಟಿಗೆ ಒಂದೇ ಓಟವಾಗಿರುತ್ತದೆ, ಮೈಮೇಲೆ ಹುರುಪೆಗಳಿರುವುದಿಲ್ಲ. ಬೆನ್ನಿನ ರೆಕ್ಕೆ ಎರಡಿವೆ ಎಂಬಷ್ಟಕ್ಕೇ ನಿಮ್ಮ ಚಿತ್ರದ ಮೀನನ್ನು ಗೋಬಿಯೆಂದು ಬರೆದುಬಿಡಬೇಡಿ. ಕಡಲತಳದಲ್ಲೇ ಇರುವ ಡ್ರಾಗನೆಟ್ ಎಂಬ ಇನ್ನೊಂದು ಪುಟ್ಟ ಮೀನಿಗೂ ಸಾಮಾನ್ಯವಾಗಿ ಎರಡಿರುತ್ತವೆ, ಕಣ್ಣೂ ನೆತ್ತಿಯ ಮೇಲೆಯೇ. ಆದರೆ ಅದರ ಕಿವಿರಿನ ತೆರಪು ಸಣ್ಣ ರಂಧ್ರದಷ್ಟೇ ಇರುತ್ತದೆ, ಕೆನ್ನೆಯ ಹಿಂಬದಿಯಲ್ಲಿ ಗಟ್ಟಿ ಮುಳ್ಳಿರುತ್ತದೆ, ಹೊಟ್ಟೆಯಡಿ ಬಟ್ಟಲಿರುವುದಿಲ್ಲ.

ಆದ್ದರಿಂದ ಗೋಬಿಗೆ ‘ಬಟ್ಟಲುರೆಕ್ಕೆ ಮೀನು’, ಬ್ಲೆನ್ನಿಗೆ ‘ಲೋಳೆಮೀನು’ ಎನ್ನಬಹುದು. ಬ್ಲೆನ್ನಿ ಎಂಬುದರ ಮೂಲದಲ್ಲಿರುವ ಗ್ರೀಕ್ ಪದಕ್ಕೂ ಲೋಳೆ ಎಂದೇ ಅರ್ಥ. ಬರಿಯ ‘ಗೋಬಿ’ ಎಂದರೆ ಕನ್ನಡ ಓದುಗರಿಗೆ ಹೂಕೋಸೋ ಮರುಭೂಮಿಯೋ ನೆನಪಾಗುತ್ತದೆ.

ಪ್ರತಿಕ್ರಿಯೆ:
‘ಲೋಳೆಮೀನು’ ಜೆಲ್ಲಿಫಿಶ್‌ಗೆ ಆಗಲೇ ಬಳಕೆಯಲ್ಲಿದೆ. ಬೇಡ.

‘ಬಟ್ಟಲುರೆಕ್ಕೆ’ ಎಂಬುದು ವರ್ಣನೆಯೇ ಹೊರತು ಹೆಸರಲ್ಲ. ಮೇಲಾಗಿ ಹವಳದ ದಿಬ್ಬಗಳಲ್ಲಿರುವ ಕೆಲವು ಗೋಬಿಗಳಲ್ಲಿ ಆ ರೆಕ್ಕೆಗಳು ಕೂಡಿಕೊಳ್ಳದೆ ಎರಡಾಗಿಯೇ ಇರುತ್ತವೆ. 1,700ಕ್ಕೂ ಹೆಚ್ಚು ಪ್ರಭೇದಗಳಿರುವ ಕುಟುಂಬಕ್ಕೆ ಒಂದು ಅಂಗದ ಹೆಸರು ಹಚ್ಚಿದರೆ ಇಂಥವುಗಳ ಗತಿಯೇನು? ಜೀವಿಗಳಿಗೆ ವೈಜ್ಞಾನಿಕ ಹೆಸರಿಟ್ಟ ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಈ ಮೀನಿಗೆ ‘ಗೋಬಿಯಸ್’ ಎಂದು ಬರೆದಾಗ ಹೊಸ ಪದವನ್ನೇನೂ ಟಂಕಿಸಲಿಲ್ಲ, ಲ್ಯಾಟಿನ್ನಿನ ಹಳೆಯ ಪದವನ್ನೇ ಎತ್ತಿಕೊಂಡ. ಲ್ಯಾಟಿನ್ ಅದನ್ನು ಗ್ರೀಕಿನ ‘ಕೋಬಿಯೋಸ್’ನಿಂದ ಪಡೆದಿತ್ತು. ಸಂಸ್ಕೃತದ ‘ಮೀನ’ವೇ ದ್ರಾವಿಡ ನುಡಿಗಳಿಂದ ಹೋದದ್ದೆಂದು ಬಹುಮಂದಿ ಭಾಷಾವಿಜ್ಞಾನಿಗಳು ಹೇಳುವಾಗ, ಮೀನಿನ ಹೆಸರೊಂದನ್ನು ನಾವು ಎರವಲು ತರಲು ಇಷ್ಟು ಸಂಕೋಚವೇಕೆ? ‘ಗೋಬಿ ಮೀನು’ ಎಂದೇ ಬರೆಯಿರಿ. ‘ಮೀನು’ ಪಕ್ಕದಲ್ಲಿದ್ದರೆ ಹೂಕೋಸೆಂದು ಯಾರೂ ತಿಳಿಯುವುದಿಲ್ಲ.

ಉತ್ತರ:
ಎರವಲಿಗೆ ನನ್ನ ತಕರಾರಿಲ್ಲ, ಏನನ್ನೂ ತೋರಿಸದ ಎರವಲಿಗೆ ಇದೆ. ಫಲಕದ ಮುಂದೆ ನಿಂತ ಮಗು ‘ಬಟ್ಟಲುರೆಕ್ಕೆ’ ಎಂದು ಓದಿದೊಡನೆ ಮೀನಿನ ಹೊಟ್ಟೆಯಡಿ ಬಟ್ಟಲನ್ನು ಹುಡುಕುತ್ತದೆ. ‘ಗೋಬಿ’ ಎಂದು ಓದಿದರೆ ಮುಂದಿನ ತೊಟ್ಟಿಗೆ ಹೋಗುತ್ತದೆ. ನಾಳೆಯೇ ಕೊಡಬೇಕಿರುವುದರಿಂದ ಹೆಸರು ‘ಗೋಬಿ ಮೀನು’ ಎಂದಿರಲಿ, ಕೆಳಗಿನ ಸಾಲಿನಲ್ಲಿ ‘ಹೊಟ್ಟೆಯಡಿ ಬಟ್ಟಲಿನಂಥ ಈಜುರೆಕ್ಕೆಯುಳ್ಳದ್ದು’ ಎಂದು ಸೇರಿಸಿ. ಬ್ಲೆನ್ನಿಯನ್ನು ಹಾಗೆಯೇ ಇಡಿ. ಹೆಸರಿಲ್ಲದ ಆ ಚಿತ್ರಕ್ಕೆ ಮಾತ್ರ, ಹೊಟ್ಟೆಯನ್ನೋ ಕಿವಿರನ್ನೋ ಸ್ಪಷ್ಟವಾಗಿ ನೋಡುವ ತನಕ, ಈ ಮೂರರಲ್ಲಿ ಯಾವ ಹೆಸರನ್ನೂ ಹಾಕಬೇಡಿ.