ಅಮೆರಿಕ ಸಂವಿಧಾನದ ಆರಂಭಕಾಲದ ರಾಜಕೀಯದ ಮೇಲೆ ಪಿಎಚ್‌.ಡಿ.: ತುಮಕೂರಿನಲ್ಲಿ ಕೂತು ಎಲ್ಲಿಂದ ಶುರು ಮಾಡೋದು?

ಶಿರಾಗೇಟ್:
ತುಮಕೂರಿನಲ್ಲಿ ಇತಿಹಾಸ ಎಂ.ಎ. ಕೊನೆಯ ಸೆಮಿಸ್ಟರ್. ಸಂವಿಧಾನ ರಚಿಸಿದ 1787ರ ಫಿಲಡೆಲ್ಫಿಯಾ ಸಮಾವೇಶದಿಂದ 1800ರ ಚುನಾವಣೆವರೆಗಿನ ಅಮೆರಿಕದ ಸಂವಿಧಾನ ರಾಜಕೀಯವನ್ನೇ ಸಂಶೋಧನೆಗೆ ತಗೊಂಡು ಮುಂದೆ ಪಾಠ ಮಾಡುವ ಕೆಲಸಕ್ಕೆ ಹೋಗಬೇಕು ಅಂತ ಆಸೆ. ಮೂಲ ದಾಖಲೆಗಳನ್ನು ಇಲ್ಲಿಂದಲೇ ಓದಲು ಆಗುತ್ತದಾ? ಪಿಎಚ್‌.ಡಿ. ಇಲ್ಲೇ ಮಾಡಬೇಕಾ, ಅಲ್ಲಿಗೇ ಹೋಗಬೇಕಾ? ಇದನ್ನು ಓದಿದವರಿಗೆ ನಮ್ಮ ಕಾಲೇಜುಗಳಲ್ಲಿ ಜಾಗ ಇದೆಯಾ? ಸದ್ಯಕ್ಕೆ ಅಂದುಕೊಂಡಿರುವ ವಿಷಯ: ‘ಅಮೆರಿಕ ಸಂವಿಧಾನದ ರಚನೆ: ಒಂದು ಅಧ್ಯಯನ’.

ದೇವರಾಯನದುರ್ಗ:
ಮೊದಲು ಆ ಶೀರ್ಷಿಕೆ ಬಿಡಿ. ಇನ್ನೂರು ವರ್ಷದಿಂದ ಉತ್ತವರೇ ಉತ್ತಿರುವ ಹೊಲ ಅದು, ‘ಒಂದು ಅಧ್ಯಯನ’ ಅಂದರೆ ಯಾವ ಮಾರ್ಗದರ್ಶಕರೂ ಒಪ್ಪಲ್ಲ. ಒಂದು ರಾಜ್ಯ, ಒಂದು ಜಗಳ, ಎರಡು ಮೂರು ವರ್ಷ, ಇಷ್ಟಕ್ಕೆ ಕಟ್ಟಿಹಾಕಿ. ಹೊಸ ಸಂವಿಧಾನ ಜಾರಿಗೆ ಬರಲು ರಾಜ್ಯಗಳ ಸಮಾವೇಶಗಳು ಒಪ್ಪಬೇಕಿತ್ತು. ಉದಾಹರಣೆಗೆ ಮಸಾಚುಸೆಟ್ಸ್: ಅಲ್ಲಿನ ಸಮಾವೇಶದಲ್ಲಿ 1788ರ ಫೆಬ್ರುವರಿ 6ರಂದು 187–168 ಮತಗಳಲ್ಲಿ ಸಂವಿಧಾನ ಪಾಸಾಯಿತು. ಹತ್ತು ಜನ ಆ ಕಡೆ ವಾಲಿದ್ದರೆ ಬಿದ್ದುಹೋಗುತ್ತಿತ್ತು. ‘ಈಗ ಒಪ್ಪಿಕೊಳ್ಳೋಣ, ಜೊತೆಗೇ ಒಂಬತ್ತು ತಿದ್ದುಪಡಿಗಳನ್ನು ಶಿಫಾರಸು ಮಾಡೋಣ’ ಎಂದು ಆ ಸಮಾವೇಶದ ಅಧ್ಯಕ್ಷ ಜಾನ್ ಹ್ಯಾನ್‌ಕಾಕ್ ಮುಂದಿಟ್ಟ ಸೂತ್ರವೇ ಅದನ್ನು ಉಳಿಸಿದ್ದು. ಯಾವ ಊರಿನ ಪ್ರತಿನಿಧಿ ಯಾಕೆ ಒಪ್ಪಿದ, ಊರಿನ ಸಭೆ ಅವನಿಗೆ ಏನು ಹೇಳಿ ಕಳಿಸಿತ್ತು ಅನ್ನುವುದೇ ಒಂದು ಪೂರ್ತಿ ಪ್ರಬಂಧವಾಗುತ್ತದೆ. ವರ್ಜೀನಿಯಾ (89–79), ನ್ಯೂಯಾರ್ಕ್ (30–27) ಕೂಡ ಇಂಥವೇ. ರೋಡ್ ಐಲೆಂಡ್ ಅಂತೂ 1790ರ ಮೇವರೆಗೆ ಒಪ್ಪಲೇ ಇಲ್ಲ, ಒಪ್ಪಿದ್ದೂ 34–32ರಲ್ಲಿ.

ದಾಖಲೆಗಳ ಬಗ್ಗೆ ಹೆದರಬೇಡಿ. ವಾಷಿಂಗ್ಟನ್, ಆಡಮ್ಸ್, ಜೆಫರ್ಸನ್, ಹ್ಯಾಮಿಲ್ಟನ್, ಮ್ಯಾಡಿಸನ್, ಫ್ರಾಂಕ್ಲಿನ್ ಇವರ ಪತ್ರಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ‘ಫೌಂಡರ್ಸ್ ಆನ್‌ಲೈನ್’ನಲ್ಲಿ ಪುಕ್ಕಟೆ. ರಾಜ್ಯಗಳ ಅಂಗೀಕಾರದ ಚರ್ಚೆಗೆ ವಿಸ್ಕಾನ್ಸಿನ್ ರಾಜ್ಯದ ಇತಿಹಾಸ ಸಂಸ್ಥೆಯವರು 1976ರಿಂದ ತಂದ ದಾಖಲೆ ಸಂಪುಟಗಳೇ ಆಧಾರ. ಅದರಲ್ಲಿ ಮಸಾಚುಸೆಟ್ಸ್ 4ರಿಂದ 7, ವರ್ಜೀನಿಯಾ 8ರಿಂದ 10, ನ್ಯೂಯಾರ್ಕ್ 19ರಿಂದ 23. ಫಿಲಡೆಲ್ಫಿಯಾ ಸಮಾವೇಶಕ್ಕೆ ಇತಿಹಾಸಕಾರ ಮ್ಯಾಕ್ಸ್ ಫ್ಯಾರಂಡ್ 1911ರಲ್ಲಿ ಸಂಪಾದಿಸಿದ ಸಂಪುಟಗಳು.

ಎಡವುವುದು ಎಲ್ಲಿ ಅಂದರೆ, ಇವನ್ನೆಲ್ಲ ನಮ್ಮ ವಿಧಾನಸಭೆ ನಡಾವಳಿಯ ಹಾಗೆ ಪದಪದವೂ ಬರೆದಿಟ್ಟದ್ದು ಅಂತ ನಂಬುವುದರಲ್ಲಿ.

ಫಿಲಡೆಲ್ಫಿಯಾ ಸಮಾವೇಶದ ಚರ್ಚೆಯನ್ನು ಮ್ಯಾಡಿಸನ್ ಬರೆದುಕೊಂಡ ಟಿಪ್ಪಣಿ ಅಚ್ಚಾದದ್ದು 1840ರಲ್ಲಿ, ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ. ನಡುವಿನ ದಶಕಗಳಲ್ಲಿ ಅದನ್ನು ಅವರೇ ತಿದ್ದಿದ್ದಾರೆ. ನ್ಯೂಯಾರ್ಕಿನ ಪ್ರತಿನಿಧಿ ಯೇಟ್ಸ್ ಬರೆದುಕೊಂಡದ್ದು 1821ರಲ್ಲೇ ಹೊರಬಂತು, ಆದರೆ ಅವರು 1787ರ ಜುಲೈ 10ಕ್ಕೇ ಸಮಾವೇಶ ಬಿಟ್ಟು ಹೋದವರು, ಜೊತೆಗೆ ಪ್ರಕಟಿಸಿದವರೂ ಕೈಯಾಡಿಸಿದ್ದಾರೆ. ಹಾಗಾಗಿ ಜುಲೈ ಮೊದಲ ವಾರದವರೆಗೆ ಇಬ್ಬರನ್ನೂ ಒಂದೊಂದು ದಿನಕ್ಕೂ ಎದುರುಬದುರು ಇಟ್ಟು ಓದಿ. ಇಬ್ಬರಲ್ಲೂ ಇರುವ ಮಾತಿಗೆ ಒಂದು ಗುರುತು, ಒಬ್ಬರಲ್ಲೇ ಇರುವುದಕ್ಕೆ ಇನ್ನೊಂದು. ಆಮೇಲಿನ ಎರಡು ತಿಂಗಳಿಗೆ ಈ ಆಸರೆ ಇಲ್ಲ, ಅಲ್ಲಿ ಬರೆಯುವಾಗ ದನಿ ತಗ್ಗಿಸಬೇಕು. ಪೆನ್ಸಿಲ್ವೇನಿಯಾ ರಾಜ್ಯದ ಅಂಗೀಕಾರ ಚರ್ಚೆಯದ್ದು ಇನ್ನೂ ಕಷ್ಟ. ಶೀಘ್ರಲಿಪಿಕಾರ ಥಾಮಸ್ ಲಾಯ್ಡ್ ಹೊರತಂದ ಪುಸ್ತಕದಲ್ಲಿ ಸಂವಿಧಾನದ ಪರ ನಿಂತ ವಿಲ್ಸನ್ ಮತ್ತು ಮೆಕೀನ್ ಭಾಷಣ ಮಾತ್ರ ಇವೆ. ಅದನ್ನಷ್ಟೇ ಓದಿದರೆ ವಿರೋಧಿಗಳು ಬಾಯೇ ಬಿಡಲಿಲ್ಲ ಅನ್ನಿಸುತ್ತದೆ. ಅಲ್ಲಿ ವಿರುದ್ಧ ಬಿದ್ದ ಮತ 23!

ಹಳೇ ಪತ್ರಿಕೆಗಳಲ್ಲಿ ಪದ ಹುಡುಕುವಾಗ ಒಂದು ಎಚ್ಚರ. ಆಗಿನ ಅಚ್ಚಿನಲ್ಲಿ ಉದ್ದ ಎಸ್ ಅಕ್ಷರ ಎಫ್ ಥರ ಇರುತ್ತದೆ, ಕಂಪ್ಯೂಟರ್ ಹಾಗೇ ಓದಿಕೊಂಡಿರುತ್ತದೆ. ಎರಡೂ ಕಾಗುಣಿತ ಹಾಕಿ ಹುಡುಕಿ. ‘ಈ ಪದ ಎಲ್ಲೂ ಬಂದಿಲ್ಲ’ ಅಂತ ತೀರ್ಮಾನ ಬರೆಯುವ ಮುಂಚೆ ಪುಟ ತಿರುವಿ ಕಣ್ಣಾರೆ ನೋಡಿ.

ಅಂತರಗಂಗೆ (ಕೋಲಾರ):
ಕೆಲಸದ ಮಾತು ನೇರವಾಗಿ ಹೇಳುತ್ತೇನೆ. ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ ನೆಟ್‌ನ ಇತಿಹಾಸ ಪತ್ರಿಕೆ ಬಹುಪಾಲು ಭಾರತದ ಇತಿಹಾಸ, ಕೊನೆಗೆ ಸಂಶೋಧನಾ ವಿಧಾನ. ಅಮೆರಿಕ ಎಷ್ಟು ಓದಿದ್ದರೂ ಅಲ್ಲಿ ಅಂಕ ಬರಲ್ಲ. ಪತ್ರಿಕೆ ಒಂದು 100 ಅಂಕ, ಎರಡು 200 ಅಂಕ, ಮೂರು ಗಂಟೆ, ತಪ್ಪಿಗೆ ಅಂಕ ಕಡಿತ ಇಲ್ಲ. ಅದಕ್ಕೆ ಬೇರೆಯದೇ ತಯಾರಿ ಬೇಕು. ಕರ್ನಾಟಕದ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ (ಸೆಟ್) ಆದ ಕೆಸೆಟ್‌ಗೂ ಕೂತುಬಿಡಿ. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್‌.ಡಿ. ಕಡ್ಡಾಯ ಅಲ್ಲ. ಪಿಎಚ್‌.ಡಿ. ಪ್ರವೇಶಕ್ಕೂ ಈಗ ನೆಟ್ ಅಂಕ ನಡೆಯುತ್ತದೆ, ಆದರೆ ಆ ಅಂಕಕ್ಕೆ ಒಂದೇ ವರ್ಷ ಆಯುಷ್ಯ. ಎಂ.ಎ.ಯಲ್ಲಿ ಶೇ. 55 ಬೇಕು, ಮೀಸಲು ವರ್ಗಕ್ಕೆ ಶೇ. 5 ಸಡಿಲಿಕೆ. ಪಿಎಚ್‌.ಡಿ. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ನೆಟ್‌ನಲ್ಲೇ ಮೇಲಿನ ಅಂಕದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ಆದರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ.

ಅಮೆರಿಕದಲ್ಲಿ ಪಿಎಚ್‌.ಡಿ. ಸಾಮಾನ್ಯವಾಗಿ ಐದರಿಂದ ಏಳು ವರ್ಷ. ಅರ್ಜಿ ಹೆಚ್ಚಾಗಿ ಡಿಸೆಂಬರ್‌ಗೆ ಮುಗಿಯುತ್ತದೆ. ಶುಲ್ಕ ಮನ್ನಾ ಮಾಡಿ ಸ್ಟೈಪೆಂಡ್ ಕೊಡುವ ಕಡೆ ಬಿಟ್ಟು ಬೇರೆಡೆ ಹೋಗಬೇಡಿ, ಸಾಲ ಮಾಡಿ ಓದುವ ವಿಷಯವಲ್ಲ ಇದು. ಅಲ್ಲಿ ಈ ಕಾಲದ ಇತಿಹಾಸಕ್ಕೆ ಖಾಯಂ ಹುದ್ದೆ ಸಿಗುವುದು ಅಲ್ಲಿಯವರಿಗೇ ಕಷ್ಟವಾಗಿದೆ.

ರಂಗಸ್ಥಳ (ಚಿಕ್ಕಬಳ್ಳಾಪುರ):
ಅಂತರಗಂಗೆ ಅವರು ಹೇಳಿದ್ದು ಸರಿ, ಆದರೆ ಅಮೆರಿಕದ ಇತಿಹಾಸ, ಭಾರತದ ಇತಿಹಾಸ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕಿಲ್ಲ. ನಮ್ಮಲ್ಲಿ ಅಮೆರಿಕದ ಇತಿಹಾಸಕ್ಕೇ ಮಾರ್ಗದರ್ಶಕರು ಸಿಗುವುದು ಅಪರೂಪ, ತೌಲನಿಕ ವಿಷಯ ಹಿಡಿದರೆ ಆ ಬಾಗಿಲು ತೆರೆಯುತ್ತದೆ. ಹೊಸ ಸಂವಿಧಾನವನ್ನು ರಾಜ್ಯಗಳು ಒಪ್ಪಿಕೊಂಡ ಬಗೆಯನ್ನೇ ತಗೊಳ್ಳಿ. ಅಲ್ಲಿ ಏಳನೇ ವಿಧಿಯ ಪ್ರಕಾರ ಒಂಬತ್ತು ರಾಜ್ಯಗಳ ಜನಪ್ರತಿನಿಧಿ ಸಮಾವೇಶಗಳು ಒಪ್ಪಬೇಕಿತ್ತು, ನ್ಯೂ ಹ್ಯಾಂಪ್‌ಶೈರ್ 1788ರ ಜೂನ್ 21ರಂದು ಒಂಬತ್ತನೆಯದಾಯಿತು. ಇಲ್ಲಿ ಮೈಸೂರಿಗೆ ತನ್ನದೇ ಸಂವಿಧಾನ ಸಭೆ ಇತ್ತು, ಕೊನೆಗೆ 1949ರ ನವೆಂಬರ್ 25ರಂದು ಮಹಾರಾಜರ ಘೋಷಣೆಯಿಂದ ಭಾರತದ ಸಂವಿಧಾನ ಅಂಗೀಕಾರವಾಯಿತು. ಜನರ ಸಮಾವೇಶ ಒಂದು ಕಡೆ, ಅರಸರ ಘೋಷಣೆ ಇನ್ನೊಂದು ಕಡೆ. ಒಪ್ಪಿಗೆ ಕೊಡುವ ಅಧಿಕಾರ ಯಾರದ್ದು ಅನ್ನುವುದು ಗಟ್ಟಿ ಪ್ರಶ್ನೆ. ಆಗ ಮೈಸೂರಿನ ಮುಖ್ಯಮಂತ್ರಿಯಾಗಿದ್ದ, ದೆಹಲಿಯ ಸಂವಿಧಾನ ಸಭೆಯಲ್ಲೂ ಕೂತಿದ್ದ ಕೆ.ಸಿ. ರೆಡ್ಡಿ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರು. ಮೈಸೂರಿನ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ, ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ವಾಪಸ್.

ಇಲ್ಲಿ ನೋಂದಣಿಯಾಗಿ ಒಂದು ವರ್ಷ ಕಳೆದ ಮೇಲೆ ಫುಲ್‌ಬ್ರೈಟ್–ನೆಹರೂ ಡಾಕ್ಟರಲ್ ಫೆಲೋಶಿಪ್‌ಗೆ ಹಾಕಿ, ಆರರಿಂದ ಒಂಬತ್ತು ತಿಂಗಳು ಅಲ್ಲಿ ಕೂತು ಓದಬಹುದು. ಮಸಾಚುಸೆಟ್ಸ್‌ನ ವುಸ್ಟರ್ ಊರಿನ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿಯಲ್ಲಿ ಆ ಕಾಲದ ಪತ್ರಿಕೆಗಳ ದೊಡ್ಡ ಸಂಗ್ರಹವಿದೆ. ಆನ್‌ಲೈನ್‌ನಲ್ಲಿ ಸಿಗುವುದನ್ನೆಲ್ಲ ಇಲ್ಲೇ ಮುಗಿಸಿ, ಸಿಗದ್ದರ ಪಟ್ಟಿಯನ್ನು ಅರ್ಜಿಯಲ್ಲೇ ಬರೆಯಿರಿ. ‘ಗ್ರಂಥಾಲಯ ನೋಡಬೇಕು’ ಅನ್ನುವ ಅರ್ಜಿ ನಿಲ್ಲಲ್ಲ.

ಶಿರಾಗೇಟ್:
ಎಲ್ಲರಿಗೂ ಧನ್ಯವಾದ. ದೇವರಾಯನದುರ್ಗ ಸರ್, ಮಸಾಚುಸೆಟ್ಸ್ ಹಿಡಿದರೆ ಮೊದಲು ಏನು ಓದಲಿ?

ದೇವರಾಯನದುರ್ಗ:
ವಿಸ್ಕಾನ್ಸಿನ್ ದಾಖಲೆಗಳ ನಾಲ್ಕನೇ ಸಂಪುಟದಿಂದ ಶುರು ಮಾಡಿ. ಊರಿನ ಹೆಸರು, ಸಭೆ ನಡೆದ ದಿನ, ಪ್ರತಿನಿಧಿಗೆ ಕೊಟ್ಟ ಸೂಚನೆ, ಅವನು ಹಾಕಿದ ಮತ, ಪುಟಸಂಖ್ಯೆ: ಐದು ಕಾಲಂನ ಒಂದು ಎಕ್ಸೆಲ್ ಶೀಟ್ ಮಾಡಿಕೊಳ್ಳಿ. ಸೂಚನೆ ಒಂದು, ಮತ ಇನ್ನೊಂದು ಆಗಿರುವ ಊರುಗಳು ಸಿಕ್ಕರೆ ಅವನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ. ಪ್ರಬಂಧದ ಮೊದಲ ಅಧ್ಯಾಯ ಆ ಸಾಲುಗಳಿಂದಲೇ ಹುಟ್ಟಬೇಕು.