ಮಾಳಿಗೆ ಮೇಲೆ ಕಾಯಿಪಲ್ಲೆ ಬೆಳೆದರೆ ಹೊಳೆ ಬಂದಾಗ ಉಪಯೋಗ ಆಗುತ್ತಾ?

ಹೊಳೆದಂಡೆ_ಮನೆ (ಮುಧೋಳ)

ನಮಸ್ಕಾರ್ರೀ ಎಲ್ಲರಿಗೂ. ಮುಧೋಳ ಊರಂಚಿನಲ್ಲಿ ನಮ್ಮ ಮನೆ. ಘಟಪ್ರಭಾ ಹೊಳೆಗೆ ನಡೆದು ಹೋದರೆ ಹತ್ತು ನಿಮಿಷ. 2019ರ ಆಗಸ್ಟ್‌ನಲ್ಲಿ ನೀರು ಹೊಸ್ತಿಲು ದಾಟಿ ಒಳಗೆ ಬಂದು ಮೊಣಕಾಲಿನ ತನಕ ನಿಂತಿತ್ತು. ನಾನಾಗ ಪುಣೆಯಲ್ಲಿ ಕೆಲಸಕ್ಕಿದ್ದೆ. ಮನೆಯಲ್ಲಿ ಅಪ್ಪ, ಅವ್ವ ಇಬ್ಬರೇ. ಪಕ್ಕದ ಮನೆಯವರ ಮಾಳಿಗೆ ಹತ್ತಿ ಎರಡು ದಿನ ಕೂತಿದ್ದರು.

ಈಗ ನಾನೇ ಊರಿಗೆ ಬಂದುಬಿಟ್ಟಿದ್ದೇನೆ. ಹೋದ ವರ್ಷ ಹಳೇ ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸಿದೆವು, 20 ಬೈ 30 ಜಾಗ ಮೇಲೆ ಖಾಲಿ ಬಿದ್ದಿದೆ. ಅಲ್ಲಿ ಒಂದು ನಲವತ್ತು ಕುಂಡ ಇಟ್ಟು ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಸೊಪ್ಪು ಎಲ್ಲ ಬೆಳೆದುಬಿಟ್ಟರೆ ಹೊಳೆ ಬಂದಾಗ ಮೇಲೇ ಕೂತು ಊಟಕ್ಕೆ ತೊಂದರೆ ಇಲ್ಲದೆ ಇರಬಹುದು ಅನ್ನೋದು ನನ್ನ ಲೆಕ್ಕ. ಅವ್ವ ಮಾತ್ರ "ಬದನೀಕಾಯಿ ಹಸೀದ ತಿಂತೀ ಏನು" ಅಂತ ನಗುತ್ತಾಳೆ. ಮಳೆಗಾಲ ಹತ್ತಿರ ಬಂತು. ಏನು ಹಾಕಲಿ, ಯಾವ ಮಣ್ಣು ತುಂಬಲಿ? ಮಾಡಿ ಗೊತ್ತಿರುವವರು ಹೇಳಿ.

ಖಡಕ್‌ರೊಟ್ಟಿ_ಅಕ್ಕ (ಗೋಕಾಕ)

ತಮ್ಮಾ, ನಿಮ್ಮ ಅವ್ವ ಹೇಳಿದ್ದೇ ಖರೆ. ಬೇಜಾರಾಗಬೇಡ.

2019ರಲ್ಲಿ ನಮ್ಮ ಮನೆಗೂ ನೀರು ಬಂದಿತ್ತು. ಲೋಳಸೂರ ಸೇತುವೆ ಮುಳುಗಿ ರಸ್ತೆ ಬಂದಾಯಿತು, ಆಮೇಲೆ ನೀರು ಓಣಿಯೊಳಗೆ ಬಂತು. ನನ್ನ ಹತ್ತಿರ ಆಗಲೇ ಮಾಳಿಗೆ ಮೇಲೆ ಹದಿನೈದು ಕುಂಡ ಇದ್ದವು. ಟೊಮ್ಯಾಟೊ ಕೆಂಪಗೆ ತೂಗುತ್ತಿದ್ದವು, ನೋಡೋಕೆ ಚೆಂದ. ಆದರೆ ಕರೆಂಟ್ ಇಲ್ಲ, ಸಿಲಿಂಡರ್ ಕೆಳಗೆ ನೀರಲ್ಲಿ ತೇಲಾಡುತ್ತಿದೆ, ಕೊಡದಲ್ಲಿ ಕುಡಿಯೋ ನೀರು ಅರ್ಧಕ್ಕೆ ಬಂದಿದೆ. ಟೊಮ್ಯಾಟೊ ಬೇಯಿಸೋದು ಎಲ್ಲಿ, ತೊಳೆಯೋದು ಯಾವ ನೀರಲ್ಲಿ? ಆ ಮೂರು ದಿನ ನಮ್ಮ ಜೀವ ಹಿಡಿದದ್ದು ಒಂದು ಡಬ್ಬಿ ಖಡಕ್ ರೊಟ್ಟಿ, ಒಂದು ಬರಣಿ ಶೇಂಗಾ ಚಟ್ನಿ. ಅದೂ ಮುಂದಾಲೋಚನೆ ಮಾಡಿ ಇಟ್ಟಿದ್ದಲ್ಲ. ನಮ್ಮ ನಾದಿನಿ ಹುಬ್ಬಳ್ಳಿಗೆ ಒಯ್ಯಬೇಕು ಅಂತ ಮಾಡಿಸಿಟ್ಟಿದ್ದಳು, ಒಯ್ಯೋದಕ್ಕೆ ಆಗಲಿಲ್ಲ.

ನಮ್ಮ ಕಡೆಯವರಿಗೆ ಎಮರ್ಜೆನ್ಸಿ ಊಟ ಯಾರೂ ಹೇಳಿಕೊಡಬೇಕಿಲ್ಲ ಅನ್ನಿಸುತ್ತದೆ. ಚೆನ್ನಾಗಿ ಒಣಗಿಸಿದ ಜೋಳದ ರೊಟ್ಟಿ ತಿಂಗಳು ಇಟ್ಟರೂ ಕೆಡಲ್ಲ. ಶೇಂಗಾ, ಅಗಸಿ, ಗುರೆಳ್ಳು ಚಟ್ನಿ ಕೆಡಲ್ಲ. ಅವಲಕ್ಕಿ, ಚುರಮುರಿ, ಪುಟಾಣಿ, ಮಹಾಲಿಂಗಪುರದ ಬೆಲ್ಲ. ಒಲೆ ಹಚ್ಚೋ ಕೆಲಸವೇ ಇಲ್ಲ. ಜೂನ್ ಕೊನೆಗೆ ಮಾಡಿಸಿ ಡಬ್ಬಿಗೆ ಹಾಕಿ ಅಟ್ಟದ ಮೇಲಿಡು. ತಿಂಗಳಿಗೊಮ್ಮೆ ತಿಂದು ಖಾಲಿ ಮಾಡಿ ಹೊಸದು ತುಂಬಿಸು. ಒಂದೇ ಮಾತು, ಖಾರ ಕಡಿಮೆ ಹಾಕಿಸು. ಖಾರ ತಿಂದರೆ ನೀರು ಜಾಸ್ತಿ ಬೇಕಾಗುತ್ತದೆ, ಅವಾಗ ಇರೋದೇ ಕಡಿಮೆ.

ಹಂಗಂತ ಗಿಡ ಬೇಡ ಅಂತಿಲ್ಲ. ಅದರ ಕೆಲಸ ಹೊಳೆ ಇಳಿದ ಮೇಲೆ. ಸುತ್ತಲಿನ ಹೊಲದಲ್ಲಿ ಕಾಯಿಪಲ್ಲೆ ಎಲ್ಲ ಕೊಳೆತು ಹೋಗಿರುತ್ತೆ, ಸಂತೆಗೆ ಬರೋದು ತುಸು, ಬಂದದ್ದಕ್ಕೂ ಕೈ ಹಚ್ಚೋ ಹಾಗಿರಲ್ಲ. ಆ ತಿಂಗಳು ಹದಿನೈದು ದಿನ ಮಾಳಿಗೆ ಮೇಲಿನ ಒಂದು ಹಿಡಿ ಮೆಂತ್ಯೆ ಪಲ್ಲೆ ಬಂಗಾರ.

ಹೊಳೆದಂಡೆ_ಮನೆ (ಮುಧೋಳ)

ಅಕ್ಕಾ, ಇದು ತಲೆಗೇ ಹೊಳೆದಿರಲಿಲ್ಲ. ಹಾಗಾದ್ರೆ ನಲವತ್ತು ಕುಂಡ ಬೇಡ ಅಂತೀರಾ? ಮತ್ತೆ ನೀರು ಎಷ್ಟು ಇಡಬೇಕು? ಸುತ್ತ ಹೊಳೆ, ಮೇಲೆ ಸಿಂಟೆಕ್ಸ್ ಇದೆ, ನೀರಿಗೇನು ಬರ ಅಂದುಕೊಂಡಿದ್ದೆ.

ಮಸಾರಿ_ಮಣ್ಣು (ಬಾಗಲಕೋಟೆ, ವಿದ್ಯಾಗಿರಿ)

ನೀರಿಂದಲೇ ಶುರು ಮಾಡೋಣ. ಹೊಳೆ ತುಂಬಿದಾಗ ನಲ್ಲಿ ಒಣಗುತ್ತದೆ. ಊರಿಗೆ ನೀರೆತ್ತುವ ಜಾಕ್‌ವೆಲ್, ಪಂಪು ಎಲ್ಲ ಹೊಳೆ ದಂಡೆಯಲ್ಲೇ ಇರೋದು. ಅವು ಮುಳುಗಿದರೆ ಅಥವಾ ಕರೆಂಟ್ ತೆಗೆದರೆ ಮುಗೀತು. ಕುಡಿಯೋದಕ್ಕೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಅಂತ ಇಟ್ಟುಕೊಳ್ಳಿ. ನೀವು ಮೂವರಿದ್ದರೆ ಮೂರು ದಿನಕ್ಕೆ 36 ಲೀಟರ್. ಎರಡು ಇಪ್ಪತ್ತರ ಕ್ಯಾನು ಮುಚ್ಚಳ ಬಿಗಿ ಮಾಡಿ ಮಾಳಿಗೆ ಮೆಟ್ಟಿಲ ಕೆಳಗಲ್ಲ, ಮೇಲಿನ ನೆರಳಲ್ಲಿ ಇಡಿ. ಸಿಂಟೆಕ್ಸ್ ನೀರು ಇದ್ದರೆ ಅದಕ್ಕೆ ಒಳ್ಳೇ ಬ್ಲೀಚಿಂಗ್ ಪುಡಿ ಸಾವಿರ ಲೀಟರಿಗೆ 2.5 ಗ್ರಾಂ ಸಾಕು, ಕಲಸಿ ತಿಳಿ ಮಾತ್ರ ಹಾಕಿ ಒಂದು ಗಂಟೆ ಬಿಡಬೇಕು. ಇದು ತಿಳಿ ನೀರಿನ ಲೆಕ್ಕ. ಕೆಸರು ನೀರಿಗೆ ಈ ಲೆಕ್ಕ ನಡೆಯಲ್ಲ. ಪುಡಿಯೂ ಹಳೇದಾದರೆ ಜೋರು ಕಳೆದುಕೊಂಡಿರುತ್ತದೆ, ವರ್ಷವಿಡೀ ಅದೇ ಡಬ್ಬಿ ಇಟ್ಟು ಕೂರಬೇಡಿ.

ಇನ್ನು ಕುಂಡ. ಇಪ್ಪತ್ತು ಲೀಟರ್ ಪೇಂಟ್ ಬಕೆಟ್ ಮಣ್ಣು ತುಂಬಿ ನೀರು ಕುಡಿಸಿದರೆ 25ರಿಂದ 30 ಕಿಲೋ. ನಲವತ್ತು ಬಕೆಟ್ ಅಂದರೆ ಒಂದು ಟನ್ ಮೇಲೆ. ಜೊತೆಗೆ ಸಾವಿರ ಲೀಟರ್ ಸಿಂಟೆಕ್ಸ್ ಇದ್ದರೆ ಅದೇ ಇನ್ನೊಂದು ಟನ್. ಹೊಳೆ ಬಂದಾಗ ಓಣಿಯ ಹತ್ತು ಜನ ನಿಮ್ಮ ಸ್ಲ್ಯಾಬ್ ಮೇಲೆ ಬಂದು ನಿಲ್ಲೋರೇ. ಸ್ಲ್ಯಾಬ್ ತಡೆಯಲ್ಲ ಅಂತಲ್ಲ, ಆದರೆ ಕುಂಡ ಎಲ್ಲ ನಡುವೆ ಗುಂಪಾಗಿ ಇಡಬೇಡಿ. ಗೋಡೆ, ಬೀಮ್ ಇರೋ ಅಂಚಿಗೆ ಸಾಲಾಗಿ ಇಡಿ. ಕೂರೋಕೆ ನಡುವೆ ಜಾಗವೂ ಆಯಿತು. ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ನಿಮ್ಮದು ಮಣ್ಣಿನ ಮೇಲ್ಮುದ್ದೆ ಮಾಳಿಗೆ ಆಗಿದ್ದರೆ ಒಂದೂ ಕುಂಡ ಮೇಲೇರಿಸಬೇಡಿ. ಮಳೆ ಕುಡಿದ ಮಾಳಿಗೆಗೆ ತನ್ನ ಭಾರವೇ ಜಾಸ್ತಿ.

ಮಣ್ಣು: ಬರೀ ಎರೆ ಮಣ್ಣು ತುಂಬಿದರೆ ಬೇಸಿಗೆಯಲ್ಲಿ ಬಿರುಕು, ಮಳೆಯಲ್ಲಿ ಅಂಟು, ಬೇರು ಕೊಳೆತು ಗಿಡ ಸಾಯುತ್ತದೆ. ಎರಡು ಪಾಲು ಮಸಾರಿ (ಕೆಂಪು ಮಣ್ಣು), ಒಂದು ಪಾಲು ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಮೇಲೊಂದು ಹಿಡಿ ಬೇವಿನ ಹಿಂಡಿ. ಕೊಕೊಪಿಟ್ ಹಗುರ, ನಿಜ, ಆದರೆ ದುಡ್ಡು ಕೊಟ್ಟು ತರಿಸಬೇಕು, ನನಗಂತೂ ಇಷ್ಟ ಇಲ್ಲ. ಬಕೆಟ್ ತಳಕ್ಕೆ ಐದಾರು ತೂತು ಹಾಕಿ. ಮೇಲೆ ಕಬ್ಬಿನ ರವದಿ, ಅಂದರೆ ಒಣಗಿದ ಎಲೆ, ಹಾಸಿ. ಯಾಕೆ ಅಂದರೆ ನಿಮ್ಮನ್ನು ಕಾಳಜಿ ಕೇಂದ್ರಕ್ಕೆ ಕರೆದುಕೊಂಡು ಹೋದರೆ ವಾರ ಗಿಡಕ್ಕೆ ನೀರು ಹಾಕೋರು ಯಾರು? ಮುಧೋಳದಲ್ಲಿ ಹೊಳೆ ಬರೋವಾಗ ಆಕಾಶದಲ್ಲಿ ಮೋಡ ಇರಲೇಬೇಕು ಅಂತಿಲ್ಲ. ಮಳೆ ಆಗೋದು ಅಲ್ಲಿ ಘಟ್ಟದಲ್ಲಿ. ಹಿಡಕಲ್ ಡ್ಯಾಮಿನ ನೀರು, ಹಿರಣ್ಯಕೇಶಿ, ಮಾರ್ಕಂಡೇಯ ಎಲ್ಲ ಸೇರಿ ನಮ್ಮ ಕಡೆ ಬರೋ ಹೊತ್ತಿಗೆ ಇಲ್ಲಿ ಬಿಸಿಲು ಕಾಯುತ್ತಿರುತ್ತದೆ.

ಬೆಳೆ: ಟೊಮ್ಯಾಟೊ, ಬದನೆ ಎರಡೆರಡು ಸಾಕು. ಉಳಿದದ್ದೆಲ್ಲ ಸೊಪ್ಪು. ಮೆಂತ್ಯೆ ಬಿತ್ತಿದ 20-25 ದಿನಕ್ಕೆ ಕೀಳಬಹುದು. ರಾಜಗಿರಿ ಅದಕ್ಕಿಂತ ತುಸು ತಡ. ಪುಂಡಿ ಕೊಯ್ದಷ್ಟೂ ಮತ್ತೆ ಚಿಗುರುತ್ತೆ. ಅಂಗಳದಲ್ಲಿ ಎತ್ತರದ ಜಾಗ ಇದ್ದರೆ ಒಂದು ನುಗ್ಗೆ ನೆಡಿ, ನಮ್ಮ ತೋಟಗಾರಿಕೆ ವಿಶ್ವವಿದ್ಯಾಲಯದ್ದೇ ಭಾಗ್ಯ ಅನ್ನೋ ತಳಿ ಇದೆ. ನುಗ್ಗೆ ನೀರಲ್ಲಿ ನಿಂತರೆ ಬೇರು ಕೊಳೆಯುತ್ತೆ, ಅದಕ್ಕೇ ಎತ್ತರ ಅಂದೆ.

ಮಲಪ್ರಭಾ_ಹುಡುಗ (ಬಾದಾಮಿ ತಾಲೂಕು)

ಎಲ್ಲರೂ ಆಗಸ್ಟ್, ಆಗಸ್ಟ್ ಅಂತಿದ್ದೀರಿ. 2009 ನೆನಪಿದೆಯಾ? ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಅದು ಘಟ್ಟದ ನೀರಲ್ಲ, ನಮ್ಮ ತಲೆ ಮೇಲೇ ಸುರಿದದ್ದು. ಮಳೆಗಾಲ ಮುಗೀತು ಅಂತ ಸಾಮಾನು ಎಲ್ಲ ಅಟ್ಟದಿಂದ ಕೆಳಗಿಳಿಸಿ ಆಗಿತ್ತು. ನಾನಾಗ ಏಳನೇ ಕ್ಲಾಸು. ಸರಕಾರ ಆಮೇಲೆ ಆಸರೆ ಮನೆ ಕಟ್ಟಿಸಿಕೊಟ್ಟಿತು, ಆ ಕಥೆ ಬೇರೆ. ನನ್ನ ಮಾತು ಇಷ್ಟೇ, ಡಬ್ಬಿ ಕ್ಯಾನು ಎಲ್ಲ ದೀಪಾವಳಿ ತನಕ ಮೇಲೇ ಇರಲಿ.

ಇನ್ನೊಂದು ಯಾರೂ ಹೇಳಲಿಲ್ಲ. 2019ರಲ್ಲಿ ನೀರಿಳಿದ ಮೇಲೆ ಮನೆಗೆ ಹೋದೆವು. ಬಾಗಿಲು ನೂಕಿದರೆ ಬರಲಿಲ್ಲ, ಒಳಗೆ ಗೇಣುದ್ದ ರಾಡಿ. ಗೋಡೆ ಮೇಲೆ ದೇವರ ಫೋಟೋದ ತಳಕ್ಕೆ ಸರಿಯಾಗಿ ಒಂದು ಕಂದು ಗೆರೆ. ಫ್ರಿಜ್ ಅಂಗಾತ ಮಲಗಿತ್ತು. ಹಿತ್ತಲಿಗೆ ಹೋದರೆ ಎಲ್ಲ ಮಟ್ಟಸ, ಒಂದು ಬದನೆ ಗಿಡ ಮಾತ್ರ ನಿಂತಿದೆ. ಎಲೆ ಮೇಲೆ ಕೆಸರು ಒಣಗಿ ಬೂದಿ ಬಳಿದ ಹಾಗಿದೆ. ಅದರಲ್ಲಿ ನಾಲ್ಕು ಕಾಯಿ ಫಳಫಳ ಹೊಳೀತಿವೆ. ನಮ್ಮಜ್ಜಿ "ದೇವರು ಇಟ್ಟಾನ" ಅಂತ ಕೀಳೋಕೆ ಹೋದಳು. ಪಕ್ಕದ ಆಶಾ ಅಕ್ಕ ಓಡಿ ಬಂದು ಕೈ ಹಿಡಿದರು. ಆ ನೀರಲ್ಲಿ ಚರಂಡಿ, ಪಾಯಖಾನೆ, ಸತ್ತ ದನ, ಕಬ್ಬಿಗೆ ಹೊಡೆದ ಕೀಟನಾಶಕದ ಎಣ್ಣೆ ಎಲ್ಲ ಬೆರೆತಿರುತ್ತೆ. ಹೊಳೆ ನೀರು ಮುಟ್ಟಿದ ಸೊಪ್ಪು, ಕಾಯಿ ತೊಳೆದರೂ ತಿನ್ನಬಾರದು, ಕಿತ್ತು ಎಸೆಯಬೇಕು. ಆ ಹಿತ್ತಲ ಮಣ್ಣಲ್ಲಿ ಹಸಿ ತಿನ್ನೋ ಸೊಪ್ಪು, ಸೌತೆ, ಗಜ್ಜರಿ ಮೂರು-ನಾಲ್ಕು ತಿಂಗಳು ಹಾಕಲೇಬೇಡಿ. ಅಜ್ಜಿ ಮೂರು ದಿನ ಅವರ ಜೊತೆ ಮಾತು ಬಿಟ್ಟಿದ್ದಳು.

ರಾಡಿ ತೆಗೆಯೋವಾಗ ಬರಿಗೈ ಬೇಡ. ಹಾವು ಒಣಗಿದ ಜಾಗ ಹುಡುಕಿ ಅಟ್ಟ, ಕಟ್ಟಿಗೆ ರಾಶಿ, ಕುಂಡದ ಹಿಂದೆ ಸೇರಿರುತ್ತೆ. ಕೋಲಲ್ಲಿ ಬಡಿದು ಆಮೇಲೆ ಕೈ ಹಾಕಿ. ಕಚ್ಚಿದರೆ ಹಗ್ಗ ಕಟ್ಟೋದು, ಕೊಯ್ಯೋದು ಮಾಡದೆ ಸೀದಾ ದವಾಖಾನೆ.

ಬರದ_ನಾಡಿನವ (ವಿಜಯಪುರ, ಇಂಡಿ ಕಡೆ)

ನೀವು ನೀರು ಜಾಸ್ತಿ ಅಂತ ಅಳ್ತೀರಿ, ನಾವು ಏಪ್ರಿಲ್‌ನಲ್ಲಿ ಟ್ಯಾಂಕರ್ ದಾರಿ ಕಾಯ್ತೀವಿ. ಇರಲಿ.

ಬೀಜದ ವಿಷಯ ಹೇಳ್ತೀನಿ. ಹೊಳೆ ಇಳಿದ ಮೇಲೆ ಬಿತ್ತೋಕೆ ಬೀಜ ಕೈಯಲ್ಲಿ ಇರಬೇಕಲ್ವಾ? ಮೆಂತ್ಯೆ ಅಡುಗೆ ಮನೆ ಡಬ್ಬಿಯದ್ದೇ ನಡೆಯುತ್ತೆ. ಪುಂಡಿ, ರಾಜಗಿರಿ, ಹೀರೆ, ಅವರೆ ಬೀಜ ಚೆನ್ನಾಗಿ ಒಣಗಿಸಿ, ಒಲೆ ಬೂದಿ ಕಲಸಿ, ಸ್ಟೀಲ್ ಡಬ್ಬಿಗೆ ಹಾಕಿ ಎತ್ತರದ ಗೂಟಕ್ಕೆ ತೂಗುಹಾಕಿ. ನಮ್ಮವ್ವ ಸೋರೆ ಬುರುಡೆಯಲ್ಲಿ ಇಡುತ್ತಿದ್ದಳು. ಮತ್ತೆ ಯಾರ ಮನೆಯಲ್ಲಾದರೂ ಇನ್ನೂ ಹಗೇವು (ನೆಲದೊಳಗೆ ಕಾಳು ತುಂಬಿಡೋ ಗುಂಡಿ) ಇದ್ದರೆ, ನೀರು ಹೊಕ್ಕ ಹಗೇವಿಗೆ ಕಾಳು ನೋಡ್ತೀನಿ ಅಂತ ಇಳಿಯಬೇಡಿ. ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತೆ, ಇಳಿದವನ ಹಿಂದೆ ಎತ್ತೋಕೆ ಹೋದವನೂ ಹೋಗ್ತಾನೆ.

ಖಡಕ್‌ರೊಟ್ಟಿ_ಅಕ್ಕ (ಗೋಕಾಕ)

ಮರೆತಿದ್ದೆ. ನೀರು ಓಣಿಗೆ ಬಂತು ಅಂದ ಕೂಡಲೇ ಮೇನ್ ಸ್ವಿಚ್ ತೆಗಿ. ಹೊಸ್ತಿಲಿಗೆ ಬರಲಿ ಅಂತ ಕಾಯಬೇಡ. ಸಿಲಿಂಡರ್ ರೆಗ್ಯುಲೇಟರ್ ಬಿಚ್ಚಿ ಮೇಲೊಯ್ಯಿ, ಆಗದಿದ್ದರೆ ಕಿಟಕಿ ಸರಳಿಗೆ ಕಟ್ಟು. ದನ ಇದ್ದರೆ ಕಣ್ಣಿ ಬಿಚ್ಚಿಬಿಡು, ಎಮ್ಮೆ ಈಜಿಕೊಂಡಾದರೂ ಬದುಕುತ್ತೆ, ಗೂಟಕ್ಕೆ ಕಟ್ಟಿದ್ದರೆ ಇಲ್ಲ. ನಮ್ಮ ಓಣಿಯಲ್ಲಿ ಎರಡು ಹಾಗೇ ಹೋದವು, ಅವುಗಳ ಕೂಗು ಈಗಲೂ ಕಿವಿಯಲ್ಲಿದೆ. ವಾಪಸ್ ಬಂದ ಮೇಲೆ ವೈರಿಂಗ್ ತೋರಿಸದೆ ಕರೆಂಟ್ ಹಾಕಬೇಡ. ತುರ್ತು ಸಹಾಯದ 112, ಜಿಲ್ಲಾ ವಿಪತ್ತು ಸಹಾಯವಾಣಿ 1077, ಕರೆಂಟಿನ 1912 ಈ ಮೂರು ನಂಬರ್ ಗೋಡೆ ಮೇಲೆ ಬರೆದಿಡು, ಮೊಬೈಲ್ ಚಾರ್ಜ್ ಮುಗಿದ ಮೇಲೆ ಅದರೊಳಗಿನ ನಂಬರಿಂದ ಏನು ಬಂತು? ಬೇರೆಯವರ ಫೋನಿಂದ ಮಾಡಬಹುದು.

ಹೊಳೆದಂಡೆ_ಮನೆ (ಮುಧೋಳ)

ಎಲ್ಲವನ್ನೂ ಅವ್ವನಿಗೆ ಓದಿ ಹೇಳಿದೆ. ಬದನೆ ಗಿಡದ ಕಥೆ ಬಂದಾಗ ಅವಳೂ ಸುಮ್ಮನಾದಳು. ಆ ವರ್ಷ ನಮ್ಮ ಹಿತ್ತಲಲ್ಲಿ ಉಳಿದಿದ್ದ ಹೀರೆಕಾಯಿ ಕಿತ್ತು ಪಲ್ಲೆ ಮಾಡಿದ್ದಳಂತೆ, ಅಪ್ಪನಿಗೆ ನಾಲ್ಕು ದಿನ ವಾಂತಿ ಭೇದಿ. ಅದು ಹೊಳೆ ನೀರು ಕುಡಿದದ್ದಕ್ಕೆ ಅಂತ ಇಷ್ಟು ದಿನ ಅಂದುಕೊಂಡಿದ್ದರು. ಯಾವುದರಿಂದ ಅಂತ ಈಗ ಯಾರಿಗೆ ಗೊತ್ತು. ಓಆರ್‌ಎಸ್ ಪುಡಿ ಹತ್ತು ಪಾಕೀಟು ತಂದಿಟ್ಟೆ. ಅದಿಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚೆ ಸಕ್ಕರೆ, ಅರ್ಧ ಟೀ ಚಮಚೆ ಉಪ್ಪು ಅಂತ ಅವ್ವನೇ ಗೋಡೆ ಮೇಲೆ ಬರೆಸಿದಳು, ಮೂರು ನಂಬರಿನ ಕೆಳಗೆ.

ಕುಂಡ ಹನ್ನೆರಡಕ್ಕೆ ಇಳಿಸಿದ್ದೇನೆ. ಇವತ್ತು ಪೇಂಟ್ ಅಂಗಡಿಗೆ ಹೋಗಿದ್ದೆ. ಖಾಲಿ ಬಕೆಟ್ ಒಂದಕ್ಕೆ 60 ರೂಪಾಯಿ ಅಂತಾನೆ. ಜಾಸ್ತಿ ಅಲ್ವಾ?

ಮಸಾರಿ_ಮಣ್ಣು (ಬಾಗಲಕೋಟೆ, ವಿದ್ಯಾಗಿರಿ)

ಜಾಸ್ತಿನೇ. ಹನ್ನೆರಡು ಒಟ್ಟಿಗೆ ತಗೊಳ್ತೀನಿ ಅಂತ 40ಕ್ಕೆ ಕೇಳಿ. ಜೊತೆಗೆ ಮುಚ್ಚಳ ಇರೋದು ಇನ್ನೆರಡು ತಗೊಳ್ಳಿ, ತೂತು ಹಾಕಬೇಡಿ ಅವಕ್ಕೆ. ಪಹಣಿ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಎರಡು ಜೊತೆ ಬಟ್ಟೆ, ಬ್ಯಾಟರಿ ಎಲ್ಲ ಅದರೊಳಗೆ. ಬ್ಯಾಟರಿಯ ಸೆಲ್ ಮಾತ್ರ ಬಿಚ್ಚಿ ಬೇರೆ ಇಡಿ, ನಂದು ಒಮ್ಮೆ ಒಳಗೇ ಸೋರಿ ಬೇಕಾದ ಹೊತ್ತಿಗೆ ಹತ್ತಲಿಲ್ಲ.