ಗದ್ದೆ ತೋಟ ಮಾಡಿದ್ದೇವೆ, ಅಡಿಕೆ ಸಸಿ ಏಳುತ್ತಿಲ್ಲ. ಮರಳು ಹಾಕಲಾ?

ಹೊಸತೋಟ_ಸಾಗರ:
ಅರ್ಧ ಎಕರೆ ಗದ್ದೆಗೆ ಅಡಿಕೆ ಹಾಕಿ ಮೂರು ವರ್ಷ ಆಯಿತು. ಸಸಿ ನೆಟ್ಟ ಹಾಗೇ ನಿಂತಿವೆ, ಸೋಗೆ ಹಳದಿ. ಅದೇ ವಾರ ಮನೆ ಹಿಂದಿನ ಕೆಂಪು ಮಣ್ಣಿಗೆ ಹಾಕಿದ ಇಪ್ಪತ್ತು ಸಸಿ ಆಳೆತ್ತರ ದಾಟಿವೆ. ಗೊಬ್ಬರ ಎರಡೂ ಕಡೆ ಒಂದೇ. ಗದ್ದೆ ಮಣ್ಣು ಮಳೆಗಾಲದಲ್ಲಿ ಚಪ್ಪಲಿ ಬಿಡುವುದಿಲ್ಲ, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು. ಒಂದೆರಡು ಲೋಡ್ ಮರಳು ಬೆರೆಸಿದರೆ ಸಡಿಲ ಆಗುತ್ತಾ?

ಬಸಿಗಾಲುವೆ:
ಬೇಡ ಮಾರಾಯ್ರೆ, ಸುಮ್ನೆ ದುಡ್ಡು ದಂಡ. ಜೇಡಿಗೆ ಸ್ವಲ್ಪ ಮರಳು ಸೇರಿಸಿದರೆ ಒಣಗಿದ ಮೇಲೆ ಗಾರೆ ಥರ ಆಗುತ್ತದೆ. ಗುಣವೇ ಬದಲಾಗಬೇಕು ಅಂದರೆ ಅರ್ಧದಷ್ಟು ಮರಳೇ ಇರಬೇಕು, ಅದು ಆಗುವ ಮಾತಾ?
ಮೊದಲು ಮಣ್ಣು ಎಂಥದ್ದು ನೋಡಿ. ಒಂದಡಿ ಆಳದ ಮಣ್ಣು ತೆಗೆದು ಪುಡಿ ಮಾಡಿ, ಉಪ್ಪಿನಕಾಯಿ ಬಾಟಲಿಗೆ ಕಾಲು ಭಾಗ ಹಾಕಿ, ನೀರು ತುಂಬಿ, ಚಿಟಿಕೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿ ಅಲ್ಲಾಡದ ಹಾಗೆ ಇಡಿ. ಮರಳು ಒಂದು ನಿಮಿಷದಲ್ಲಿ ತಳ ಸೇರುತ್ತದೆ. ಮೈದಾದಂಥ ರೇವೆ ಕೂರಲು ಒಂದೆರಡು ಗಂಟೆ. ಜೇಡಿಗೆ ಒಂದು ದಿನವೂ ಸಾಲದೆ ಹೋಗಬಹುದು, ಅದರ ಕಣ 0.002 ಮಿ.ಮೀ.ಗಿಂತ ಸಣ್ಣದು. ಅಷ್ಟು ಸಣ್ಣ ಕಣಗಳ ನಡುವಿನ ಸಂದಿಯಲ್ಲಿ ನೀರು ಸಿಕ್ಕಿಕೊಂಡರೆ ಇಳಿಯುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಸಸಿ ಉಸಿರು ಕಟ್ಟಿ ಕೂತಿದೆ, ಹಸಿವಿನಿಂದ ಅಲ್ಲ.

ತೀರ್ಥಹಳ್ಳಿ_ಕಡೆಯವ:
ಬಾಟಲಿ ಸರಿ, ಆದರೆ ಹಾರೆ ಹಿಡಿದು ಒಂದು ಗುಂಡಿಯನ್ನೂ ತೆಗೆಯಿರಿ. ಎಷ್ಟೋ ವರ್ಷ ಕೆಸರು ಹೊಡೆದ ಗದ್ದೆಯಲ್ಲಿ ಉಳುವ ಆಳದ ಕೆಳಗೆ ಗಟ್ಟಿ ಪದರ ಕಟ್ಟಿರುತ್ತದೆ. ಭತ್ತಕ್ಕೆ ಅದೇ ಬೇಕಿತ್ತು, ನೀರು ನಿಲ್ಲಲಿ ಅಂತ. ಅಡಿಕೆಗೆ ಅದೇ ಶತ್ರು. ನಮ್ಮಲ್ಲಿ ಎರಡು ಸಾಲಿಗೊಂದು ಬಸಿಗಾಲುವೆ, ನೆಟ್ಟ ಗುಂಡಿಯ ತಳಕ್ಕಿಂತ ಮುಕ್ಕಾಲಡಿ ಆಳಕ್ಕೆ ತೆಗೆಸಿದ ಮೇಲೇ ಸುಳಿ ಹಸಿರಾಗಿದ್ದು. ಸೋಗೆ ಗಿಡ್ಡವಾಗಿ ಮುದುಡುವ ಹಿಡಿಮುಂಡಿಗೆ ರೋಗ ಬರುವುದೂ ಇಂಥ ನೀರು ಬಸಿಯದ ತೋಟದಲ್ಲೇ ಜಾಸ್ತಿ.

ದರಕಿನ_ರಾಶಿ:
ಕೆಂಪು ಮಣ್ಣೇ ಸ್ವರ್ಗ ಅಂದುಕೊಳ್ಳಬೇಡಿ. ಅದರಲ್ಲೂ ಜೇಡಿ ಬೇಕಾದಷ್ಟಿದೆ. ಕಬ್ಬಿಣದ ಅಂಶ ಅದನ್ನು ಹರಳು ಹರಳಾಗಿ ಹಿಡಿದಿಟ್ಟಿರುವುದರಿಂದ ಮರಳಿನಂತೆ ನೀರು ಬಿಡುತ್ತದೆ. ಒದ್ದೆ ಮಾಡಿ ಅಂಗೈಯಲ್ಲಿ ಐದು ನಿಮಿಷ ಬಿಡದೆ ತಿಕ್ಕಿ ನೋಡಿ, ಮೊದಲು ತರಿ ತರಿ, ಆಮೇಲೆ ಅಂಟು. ನಮ್ಮ ಮಳೆಗೆ ಅಲ್ಲಿ ಹಾಕಿದ ಗೊಬ್ಬರ ತೊಳೆದು ಹೋಗುತ್ತದೆ, ಹುಳಿಯೂ ಜಾಸ್ತಿ. ಒಂದೇ ಸಲ ಸುರಿಯದೆ ಮಳೆಗೆ ಮುಂಚೆ ಅರ್ಧ, ಸೆಪ್ಟೆಂಬರ್ ನಂತರ ಅರ್ಧ ಕೊಡಿ. ಸೊಪ್ಪು, ಕೊಟ್ಟಿಗೆ ಗೊಬ್ಬರ ಮಾತ್ರ ಎರಡು ಕಡೆಗೂ ಬೇಕು. ಜೇಡಿಯನ್ನು ಸಡಿಲ ಮಾಡುವುದು ಅದೇ, ಮರಳಲ್ಲ.

ಹೊಸತೋಟ_ಸಾಗರ:
ಗುಂಡಿ ತೆಗೆದೆ. ಒಂದಡಿಗೇ ಹಾರೆ ಟಣ್ ಅಂತು. ಪದರದ ಮೇಲಿನ ಮಣ್ಣು ಬೂದು ಬಣ್ಣ, ನಡುನಡುವೆ ತುಕ್ಕಿನ ಚುಕ್ಕೆ, ಕೊಳೆತ ವಾಸನೆ. ಬೇರು ಕೆಳಗೆ ಹೋಗಲಾಗದೆ ಅಡ್ಡಕ್ಕೆ ತಿರುಗಿವೆ. ಬಾಟಲಿ ನಿನ್ನೆಯಿಂದ ಇಟ್ಟಿದ್ದೇನೆ, ನೀರು ಇನ್ನೂ ಚಹಾ ಥರ ಇದೆ. ಮರಳಿನ ಲೋಡ್ ಬೇಡ ಅಂತ ಹೇಳಿಬಿಟ್ಟೆ. ಮಳೆ ಹಿಡಿಯುವ ಮೊದಲು ಕಾಲುವೆ ತೆಗೆಯಲು ಜನ ಬೇಕು, ಸಾಗರದ ಕಡೆ ಯಾರಾದರೂ ಗೊತ್ತಿದ್ದರೆ ಹೇಳಿ.